ಹುತ್ತ

ಬೆಳಗಿನ ನಾಲ್ಕಕ್ಕೆ ಕೆಲಮಂಗಲದ ಹ್ಯಾಚರಿಯಲ್ಲಿ
ಉಗುರು ಕತ್ತರಿಸಿಕೊಂಡ ಹೆಂಗಸರು ನಾವು ಹನ್ನೆರಡು ಜನ.
ಕ್ಯಾನಿನ ಮುಚ್ಚಳ ತೆಗೆದರೆ ಬಿಳಿ ಹೊಗೆ.
ಆ ಚಳಿಯಲ್ಲಿ ಮಲಗಿದ್ದ ಲಸಿಕೆ
ಎದ್ದ ಮೇಲೆ ಒಂದೇ ಗಂಟೆ ಬದುಕುತ್ತದೆ.
ಅಷ್ಟರೊಳಗೆ
ಎಡಗೈಗೆ ಮರಿ, ಎರಡು ಬೆರಳಿಗೆ ಕತ್ತಿನ ಹಿಂದಿನ ಚರ್ಮ,
ಚುಚ್ಚು, ಬಿಡು. ಚುಚ್ಚು, ಬಿಡು.
ನನ್ನದು ಗಂಟೆಗೆ ಎರಡು ಸಾವಿರ.
ತಮಿಳ್‌ಸೆಲ್ವಿಯದು ಇನ್ನೂರು ಹೆಚ್ಚು,
ಅವಳು ಮಾತಾಡುವುದಿಲ್ಲ, ಅದಕ್ಕೆ.

ಯಾತಕ್ಕೆ ಈ ಸೂಜಿ ಅಂತ ಸೇರಿದ ವರ್ಷ ಕೇಳಿದ್ದೆ.
ಇಳವರಸು ಡಾಕ್ಟರು ಸತ್ತ ಕೋಳಿಯೊಂದನ್ನು ತಂದಿಟ್ಟರು.
ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ,
ಓಡುವಾಗಲೇ ಯಾರೋ ನಿಲ್ಲಿಸಿದಂತೆ.
ಕಣ್ಣು ಬೂದಿ. ಕೊಯ್ದರೆ ಈಲಿಯ ತುಂಬ
ಅಕ್ಕಿಕಾಳಷ್ಟು, ಅವರೆಕಾಳಷ್ಟು ಬಿಳಿ ಗಡ್ಡೆ.
‘ವೈರಸ್ಸಮ್ಮ. ಪುಕ್ಕದ ಹೊಟ್ಟಲ್ಲಿ, ಶೆಡ್ಡಿನ ಧೂಳಲ್ಲಿ ಬರುತ್ತೆ.
ನೀವು ಹಾಕೋದು ಟರ್ಕಿ ಕೋಳಿಯಿಂದ ತಂದ
ಅದರ ಸಾಧು ತಮ್ಮ.
ತಮ್ಮ ಒಳಗಿದ್ದರೆ ಅಣ್ಣ ಬಂದರೂ ಗಡ್ಡೆ ಕಟ್ಟಲ್ಲ.’

ಚೂಡಕ್ಕನ ಚೀಟಿಯಲ್ಲಿ ಕೃಷ್ಣಗಿರಿ ಆಸ್ಪತ್ರೆಯವರು
ತಮಿಳಲ್ಲಿ ಬರೆದುಕೊಟ್ಟರು: ಪುಟ್ರು.
ನಮ್ಮ ಮಾತಲ್ಲಿ ಹುತ್ತ.
ಅಕ್ಕ ನಕ್ಕಳು.
‘ನಾಗರಚೌತಿಗೆ ತನಿ ಎರೆದದ್ದು ಸಾಲಲಿಲ್ವೇನೋ ಕಣೆ,
ಒಳಗೇ ಒಂದು ಕಟ್ಟಿಕೊಂಡೆ.’

ಗೆದ್ದಲು ಕಟ್ಟಿದ ಮನೆಗೆ ಹಾವು ಬಂದು ಸೇರುತ್ತದೆ,
ಗಾದೆ ಎಲ್ಲರಿಗೂ ಗೊತ್ತು.
ಡಾಕ್ಟರಮ್ಮ ಹೇಳಿದ್ದು ತಿರುಗುಮುರುಗು:
ಹಾವು ಮೊದಲೇ ಬಂದಿತ್ತು.
ಹದಿನೆಂಟೋ ಇಪ್ಪತ್ತೋ ವರ್ಷ
ಗರ್ಭಕೋಶದ ಬಾಗಿಲಲ್ಲಿ ಸದ್ದಿಲ್ಲದೆ ಸುತ್ತಿಕೊಂಡಿತ್ತು.
ಆಮೇಲೆ ಅವಳ ಮೈಯ ಗೆದ್ದಲುಗಳೇ
ಅವಳದೇ ಅನ್ನ ತಿಂದು
ಹಗಲಿರುಳು ಮಣ್ಣು ಹೊತ್ತು
ಅದಕ್ಕೆ ಮನೆ ಎಬ್ಬಿಸಿದವು.

ಭಾವ ಗುಲಾಬಿ ತೋಟದ ಮೇಸ್ತ್ರಿ, ಮುಳ್ಳಿನ ಗಾಯದ ಕೈ.
ವರಾಂಡದಲ್ಲಿ ನಿಂತು ಒಂದೇ ಕೇಳಿದ:
‘ಯಾರಿಂದ ಬಂತು?’
ಹೆಚ್ಚುಕಡಿಮೆ ಎಲ್ಲರಿಗೂ ಒಮ್ಮೆ ಬಂದು ಹೋಗುವಂಥದ್ದು ಅಂತ
ಡಾಕ್ಟರಮ್ಮ ಎರಡು ಭಾಷೆಯಲ್ಲಿ ಹೇಳಿದರು.
ಅವನ ಪ್ರಶ್ನೆ ಮಾತ್ರ ಬಸ್ಸು ಹತ್ತಿ ನಮ್ಮ ಜೊತೆ ಊರಿಗೆ ಬಂತು,
ಅಕ್ಕನ ಪಕ್ಕದ ಸೀಟಲ್ಲೇ ಕೂತು.
ಶೆಡ್ಡಿನಲ್ಲಿ ಹತ್ತು ಸಾವಿರ ಕೋಳಿ ಒಂದೇ ಗಾಳಿ ಕುಡಿಯುತ್ತವೆ.
ಒಂದಾದರೂ ಹಾಗೆ ಕೇಳಿದ್ದು ನಾನು ಕಂಡಿಲ್ಲ.

ಆ ವರ್ಷವೇ ನಮ್ಮ ಸೀಮೆಹಸುವಿನ ಕೆಚ್ಚಲಿಗೆ ನರಹುಲಿ ಎದ್ದಿತ್ತು.
ಅತ್ತೆ ಎಲ್ಲಿಂದಲೋ ಕುದುರೆಬಾಲದ ಕೂದಲು ತಂದು ಬಿಗಿದಳು.
ಹೆಸರಿಗೆ ಹುಲಿ. ಯುಗಾದಿಯ ಹೊತ್ತಿಗೆ ತಾನೇ ಒಣಗಿ ಉದುರಿತು.
ಅದೂ ಇದೂ ಒಂದೇ ಮನೆತನವಂತೆ.
ಹಸುವಿನದು ಯಾಕೆ ಹೋಯಿತು, ಅಕ್ಕನದು ಯಾಕೆ ಉಳಿಯಿತು
ಅಂದರೆ ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

ಕೊನೆಗೊಂದು ದಿನ, ಗಂಜಿ ಬೇಡವೆಂದು ತಳ್ಳಿ:
‘ಒಂದು ದಿನದ ಪಿಳ್ಳೆಗೆ ನಿನ್ನ ಕೈಲಿ ಸಿಗುತ್ತೆ.
ನನ್ನ ಯಾಕೆ ಯಾರೂ ಹಿಡಕೊಂಡು ಚುಚ್ಚಲಿಲ್ಲ?’

ಏನು ಹೇಳಲಿ.
ಕೋಳಿಗೆ ಲೆಕ್ಕದ ಪುಸ್ತಕವಿದೆ ಅಕ್ಕ:
ಮೇವಿಗಿಷ್ಟು, ಮೊಟ್ಟೆಗಿಷ್ಟು, ಸತ್ತರೆ ನಷ್ಟ ಇಷ್ಟು.
ಅಲ್ಲೂ ಗಂಡುಮರಿಗೆ ಸೂಜಿಯಿಲ್ಲ, ಅದರ ಟ್ರೇ ಬೇರೆ,
ಆ ಟ್ರೇ ಎಲ್ಲಿಗೆ ಹೋಗುತ್ತದೆಂದು ನಾವು ನೋಡುವುದಿಲ್ಲ.

ಹೊಸೂರಿನ ಕ್ಲಿನಿಕ್ಕಿನಲ್ಲಿ ಟೋಕನ್ ಹದಿನಾಲ್ಕು.
ಅಕ್ಕನ ಮಗಳು ಹಂಸವೇಣಿ, ಮೊನ್ನೆ ಹನ್ನೊಂದು ತುಂಬಿತು,
ಸ್ಕೂಲಿನ ರಿಬ್ಬನ್ನು ಬಿಚ್ಚಿಲ್ಲ.
ದುಡ್ಡು ನನ್ನದು, ಮೂರು ತಿಂಗಳ ಓಟಿ.
ಭಾವ ಹೊರಗೆ ಚಪ್ಪಲಿ ಕಾಯುತ್ತಿದ್ದಾನೆ.
‘ಚಿಕ್ಕಿ, ನೋಯುತ್ತಾ?’
ಕೋಟಿ ಸಲ ಚುಚ್ಚಿದವಳು ನಾನು,
ಚುಚ್ಚಿಸಿಕೊಂಡವರು ಯಾರೂ ಹೇಳಿಲ್ಲ.
ಹಂಸಿ ಕಣ್ಣು ಮುಚ್ಚಿಕೊಂಡಳು.
ನನ್ನ ಎಡಗೈಯ ಎರಡು ಬೆರಳು
ನನ್ನನ್ನು ಕೇಳದೆಯೇ ಎದ್ದು ಹೋಗಿ
ಅವಳ ಕತ್ತಿನ ಹಿಂದಿನ ಚರ್ಮ ಹಿಡಿದಿದ್ದವು.

ನರ್ಸು ನನ್ನ ಮುಖ ನೋಡಿದಳು.
‘ಕೈ ತೆಗೀರಿ ಅಮ್ಮ. ಊಸಿ ತೋಳಿಗೆ.’