ಇಪ್ಪತ್ತೆಂಟು ಕಿಲೋಮೀಟರಿಗೆ ವಿವರಣೆ

ಮಾನ್ಯ ಲೆಕ್ಕ ಪರಿಶೋಧಕರಿಗೆ
ಆಂಬ್ಯುಲೆನ್ಸ್ ಚಾಲಕ ಕೆ. ಎಂ. ಹಂಸ ಬರೆದುಕೊಳ್ಳುವುದು:

ಮಡಿಕೇರಿಯಿಂದ ಮಂಗಳೂರು
ಆಕಾಶಮಾರ್ಗದಲ್ಲಿ ನೂರಾ ಹತ್ತು,
ನಿನ್ನ ಲಾಗ್ ಪುಸ್ತಕದಲ್ಲಿ ನೂರಾ ಮೂವತ್ತೆಂಟು,
ವ್ಯತ್ಯಾಸಕ್ಕೆ ವಿವರಣೆ ಕೊಡು
ಎಂದು ಕೆಂಪು ಶಾಯಿಯಲ್ಲಿ ಕೇಳಿದ್ದೀರಿ.

ನಿಮ್ಮ ಅಳತೆಯಲ್ಲಿ ತಪ್ಪಿಲ್ಲ.
ಮಗಳ ಸ್ಕೇಲು ಇಟ್ಟು ನಾನೂ ನೋಡಿದೆ.
ಗೆರೆ ಬಸ್ ಸ್ಟ್ಯಾಂಡಿನ ನೆತ್ತಿಯಿಂದ ಹೊರಟು
ಒಂದೂ ಊರಿನಲ್ಲಿ ಚಹಾ ಕುಡಿಯದೆ
ನೆಟ್ಟಗೆ ಹೋಗಿ ಕಡಲಿಗೆ ತಾಗುತ್ತದೆ.
ಮಂಗಟ್ಟೆ ಹಕ್ಕಿಗೆ ಸರಿ ಅದು.
ದೇವರಕೊಲ್ಲಿಯಲ್ಲಿ ಟಯರು ಬದಲಿಸುವಾಗ
ಅದರ ರೆಕ್ಕೆಯ ಸದ್ದು ಕೇಳಿದ್ದೇನೆ,
ಹಳೇ ಉಗಿಬಂಡಿಯಂಥದ್ದು.
ಅದು ಯಾರನ್ನೂ ಮಲಗಿಸಿಕೊಂಡು ಹೋಗುವುದಿಲ್ಲ.

ಯಾವ ಊರಿನಲ್ಲಿ ಎಷ್ಟು ಖರ್ಚಾಯಿತೆಂದು
ಬಿಡಿಬಿಡಿಯಾಗಿ ಹೇಳಲು ಬರುವುದಿಲ್ಲ.
ಮದೆನಾಡು ದಾಟಿದ ಮೇಲೆ ರಸ್ತೆ
ಕರೆಯದೆ ಮದುವೆಗೆ ಬಂದವನ ಹಾಗೆ
ಗುಡ್ಡದ ಮಗ್ಗುಲಲ್ಲೇ ಸುಳಿಯುತ್ತದೆ.
ಜೋಡುಪಾಲದಲ್ಲಿ, ಹಿಂದೊಮ್ಮೆ ಗುಡ್ಡ ಜಾರಿದಲ್ಲಿ,
ಈಗಲೂ ಎರಡನೇ ಗೇರು.
ನಿಧಾನವೆಂದರೆ ದೂರವಲ್ಲ ಎನ್ನುತ್ತೀರಿ.
ಹಿಂದೆ ಮಲಗಿದವರನ್ನು ಕೇಳಿ.

ಡಯಾಲಿಸಿಸ್ಸಿಗೆ ಬರುತ್ತಿದ್ದ ಹುಕ್ರಪ್ಪ ಮೇಸ್ಟ್ರು
ಕಣ್ಣು ಮುಚ್ಚಿ ತಿರುವು ಎಣಿಸುತ್ತಿದ್ದರು.
ಸಂಪಾಜೆಗೆ ಇಳಿಯುವಾಗ ಎಪ್ಪತ್ತೊಂದು,
ಹತ್ತುವಾಗ ಎಪ್ಪತ್ತು.
"ಒಂದು ಎಲ್ಲಿ ಹೋಯಿತು ಹಂಸ?"
ನಿಮ್ಮ ಹಾಗೆಯೇ ಕೇಳುತ್ತಿದ್ದರು.
ಆಗಲೂ ನನ್ನಲ್ಲಿ ವಿವರಣೆ ಇರಲಿಲ್ಲ.

ಕೊಯನಾಡಿಗೆ ಇನ್ನು ಮೂರು ತಿರುವು ಇರುವಾಗ
ಲೈನ್‌ಮನೆಯ ಚೋಮಿಗೆ ತಡೆಯಲಾಗಲಿಲ್ಲ.
ನಿಲ್ಲಿಸು ಎಂದರು ಸಿಸ್ಟರ್ ಫಿಲೋಮಿನಾ.
ನಿಲ್ಲಿಸಿ, ಬೆನ್ನು ತಿರುಗಿಸಿ,
ಹೆಡ್‌ಲೈಟಿನ ಬೆಳಕಿನಲ್ಲಿ ಮೈಲುಗಲ್ಲು ಓದುತ್ತಾ ನಿಂತೆ:
ಮಂಗಳೂರು ೧೧೬, ಮಂಗಳೂರು ೧೧೬,
ಅಷ್ಟರಲ್ಲಿ ಮಗು ಅತ್ತಿತು.
ಹುಟ್ಟಿದ ಸ್ಥಳ ಯಾವುದೆಂದು ಆಫೀಸಿನಲ್ಲಿ ಕೇಳಿದಾಗ
ಆ ಕಲ್ಲನ್ನೇ ಹೇಳಿದೆ.
ನಿಮ್ಮ ಗೆರೆ ಅದನ್ನು ಮುಟ್ಟುವುದಿಲ್ಲ ಸಾರ್.
ಹುಡುಗಿ ಈಗ ಒಂದನೇ ಕ್ಲಾಸು.

ನೇರ ಗೆರೆ ಸುಳ್ಳೆಂದು ನಾನು ಹೇಳುತ್ತಿಲ್ಲ.
ಒಮ್ಮೆ ಕಿವಿಯಾರೆ ಕೇಳಿದ್ದೇನೆ.
ಬೆಟ್ಟಗೇರಿಯ ಬೆಳ್ಯಪ್ಪನವರನ್ನು
ಮಂಗಳೂರಿನಿಂದ ವಾಪಸು ತರುತ್ತಿದ್ದೆ.
ಸೈರನ್ ಹಾಕಿರಲಿಲ್ಲ, ಅವಸರ ಮುಗಿದಿತ್ತು.
ತಾಳತ್‌ಮನೆ ಬಳಿ ಕಿಟಕಿ ಇಳಿಸಿದೆ.
ಕಣಿವೆಯಾಚೆ ಕೋವಿ,
ಒಂದು.
ಇನ್ನೊಂದು.
ಜೋಡಿ ಗುಂಡೆಂದರೆ ಏನೆಂದು ಇಲ್ಲಿ ಮಕ್ಕಳಿಗೂ ಗೊತ್ತು.
ಸುದ್ದಿ ಆಕಾಶದಲ್ಲೇ ಬಂತು, ತಿರುವಿಲ್ಲದೆ.
ಬೆಳ್ಯಪ್ಪನವರು ಮಾತ್ರ ನನ್ನ ಜೊತೆ
ರಸ್ತೆಯಲ್ಲೇ ಇದ್ದರು.

ಕಡಿತ ಮಾಡುವುದಾದರೆ ಮಾಡಿ.
ಹೋಗಿಬರಲು ಐವತ್ತಾರು ಕಿಲೋಮೀಟರಿನ ಡೀಸೆಲ್
ನನ್ನ ಸಂಬಳದಲ್ಲಿ ಹಿಡಿಯಿರಿ.
ಮುಂದಿನ ತಪಾಸಣೆಗೆ ನೀವೇ ಬರುವಿರಂತೆ, ಮಂಗಳೂರಿನಿಂದ.
ಮಾಣಿಯಲ್ಲಿ ಊಟ ಹಗುರವಾಗಿರಲಿ.
ಸಂಪಾಜೆಯಿಂದ ಮೇಲಕ್ಕೆ ಎಣಿಸುತ್ತಾ ಬನ್ನಿ.
ಮೇಸ್ಟ್ರ ಆ ಒಂದು ತಿರುವು ಸಿಕ್ಕಿದರೆ
ನನಗೂ ತಿಳಿಸಿ.
ಅವರು ಈಗ ಕೇಳುವುದಿಲ್ಲ,
ಆದರೂ.