ದಾನದ ಹಸುವಿನ ಹಲ್ಲು

ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ನಮ್ಮ ಕಣಿವೆಯ ಲಾಯಗಳಲ್ಲಿ
ಜೀನಿನ ಪಕ್ಕ ಸ್ಕೀಗಳೂ ಒರಗಿ ನಿಂತವು:
ಬಂದವರು ಕೊಟ್ಟು ಹೋದವು, ಮರೆತು ಹೋದವು,
ಒಂದು ಜೊತೆ, ಊಟದ ಬಾಕಿಗೆ ಬಿಟ್ಟದ್ದು.
ಹೊಸದು ಬೇಕೆಂದರೆ ಕರಕೋಲಿನಲ್ಲಿ
ಒಂದು ಕುದುರೆಯ ಬೆಲೆ.

ದಾನದ ಹಸುವಿನ ಹಲ್ಲು ಎಣಿಸಬಾರದಂತೆ.
ಎಣಿಸುತ್ತೇನೆ. ನಾಳೆ ನನ್ನ ಹಿಂದೆ ಆರು ಜನ,
ಮೊದಲ ಸಲ ಮುಂದೆ ನಿಂತು ದಾರಿ ತುಳಿಯುವವಳು ನಾನು.

ಅಗಲದ್ದು ಬೇಕು ಅನ್ನುತ್ತದೆ ತೊಡೆಮಟ್ಟದ ಹಿಮ.
ಪಾದದಡಿ ನೂರಾ ಹದಿನೆಂಟು ಮಿಲಿಮೀಟರು,
ದೋಣಿಯ ಹಾಗೆ ಮೂತಿ ಎತ್ತಿದ ಆ ನೀಲಿ ಜೊತೆ,
ಮೇಲೆ ನಿಂತರೆ ನಾನು
ಹಿಟ್ಟಿನ ಮೇಲೆ ನಡೆವ ಬೆಕ್ಕು.

ಸಪೂರದ್ದು ಸಾಕು ಅನ್ನುತ್ತದೆ ಏರು.
ನಾಲ್ಕು ನಿಮಿಷ ಇಳಿಯಲು ನಾಲ್ಕು ತಾಸು ಹತ್ತಬೇಕು.
ಆಲೂಗಡ್ಡೆಯ ತಕ್ಕಡಿಗೆ ನೇತುಹಾಕಿದೆ:
ಒಂದೊಂದೂ ಎರಡು ಕಿಲೋ ಚಿಲ್ಲರೆ.
ಕಾಲಿಗೆ ಕಟ್ಟಿದ ಕಿಲೋ ಬೆನ್ನಿನ ಐದಕ್ಕೆ ಸಮ
ಅನ್ನುತ್ತಾನೆ ಮಕ್ಸಾತ್,
ತನ್ನ ಬುತ್ತಿಯನ್ನೂ ನನ್ನ ಚೀಲಕ್ಕೆ ತುರುಕುತ್ತ.

ನಾನು ಐವತ್ತೊಂದು ಕಿಲೋ. ಸಲಿಕೆ, ಹಗ್ಗ, ಥರ್ಮಾಸು,
ಹತ್ತುವಾಗ ಅಡಿಗೆ ಅಂಟಿಸುವ ರೋಮದ ಪಟ್ಟಿಗಳು,
ಹಿಮ ಎಲ್ಲವನ್ನೂ ಸೇರಿಸಿಯೇ ತೂಗುತ್ತದೆ.
ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ;
ತಳವೇ ಸಿಗದ ಹಾಸಿಗೆಯಲ್ಲಿ?

ನೀಲಿಯದನ್ನೇ ಹೆಗಲಿಗೇರಿಸಿದ್ದೆ.
ಒಲೆಯ ಬದಿಯಿಂದ ಅಪ್ಪ ಕೆಮ್ಮುತ್ತ ಎದ್ದು ಬಂದ.
ಸ್ಕೀ ಮೆಟ್ಟಿದವನಲ್ಲ, ಇಪ್ಪತ್ತಾರು ವರ್ಷ ನೆಲದಡಿ ಇದ್ದವನು.
ಬೆರಳ ಗೆಣ್ಣಿನಿಂದ ತಟ್ಟಿದ, ಮೂತಿಯಿಂದ ಬಾಲದವರೆಗೆ,
ಗಣಿಯ ಸೂರನ್ನು ತಟ್ಟುತ್ತಿದ್ದ ಹಾಗೆ, ಕಿವಿಗೊಟ್ಟು.
ಟಣ್. ಟಣ್. ಟಣ್.
ಹಿಮ್ಮಡಿಯಿಂದ ಒಂದು ಗೇಣು ಹಿಂದೆ: ಡಬ್.

"ಒಳಗೆ ಪದರ ಬಿಟ್ಟಿದೆ," ಅಂದ.
"ಇಂಥ ಸದ್ದಿನ ಕೆಳಗೆ ನಾವು ನಿಲ್ಲುತ್ತಿರಲಿಲ್ಲ."

ಉಳಿದದ್ದು ಮಾಸಿದ ಕಿತ್ತಳೆ ಜೊತೆ, ನೂರಾ ಆರು,
ಅಂಚು ಎರಡು ಕಡೆ ಕಲ್ಲಿಗೆ ತಾಗಿ ಮುಕ್ಕಾದದ್ದು.
ಬಾಲದಲ್ಲಿ ಯಾರೋ ಅಂಟಿಸಿದ ಚಿತ್ರ,
ಹಲ್ಲು ಬಿಟ್ಟು ನಗುವ ಹಸು.
ತಟ್ಟಿದ. ಉದ್ದಕ್ಕೂ ಒಂದೇ ದನಿ.

ಬೆಳಗ್ಗೆ ಒಂಬತ್ತಕ್ಕೆ, ಸ್ಪ್ರೂಸ್ ಮರಗಳು ಮುಗಿದು
ಇಳಿಜಾರು ಬರಿದಾಗುವಲ್ಲಿ ನಿಂತೆ.
ಬೆನ್ನ ಹಿಂದೆ ಆರು ಏದುಸಿರು, ಒಂದು ಹಾಡಿನ ಗುನುಗು.
ಕೋಲನ್ನು ತಲೆಕೆಳಗು ಹಿಡಿದು ಹಿಮವನ್ನು ತಟ್ಟಿದೆ
ಒಮ್ಮೆ, ಇನ್ನೊಮ್ಮೆ,
ಕೈ ಎತ್ತಿ, ಎಲ್ಲರೂ ಸುಮ್ಮನಿರಿ ಎಂದೆ.