ಷರಾದ ಕಾಲಂ

ಮಧ್ಯಾಹ್ನ ಮೂರು. ಯಾದವಗಿರಿಯ ಹೋಟೆಲಿನ ಬಾರು ಇನ್ನೂ ತೆರೆದಿಲ್ಲ;
ಕುರ್ಚಿಗಳೆಲ್ಲ ಕಾಲು ಮೇಲೆ ಮಾಡಿ ಮೇಜಿನ ಮೇಲೆ ಮಲಗಿವೆ.
ಬಿದ್ದಪ್ಪನವರು ಹೇಳಿ ಹೋಗಿದ್ದಾರೆ:
ಹನ್ನೆರಡು ಬಾಟಲಿ ತರಿಸುವುದೋ, ಬೇಡವೋ,
ಸಂಜೆಯೊಳಗೆ ತೀರ್ಮಾನ ಬೇಕು.
ಬರ್ಗಂಡಿಯ ಬಿಳಿ ವೈನು. ಓಕ್ ಪೀಪಾಯಿಯಲ್ಲಿ ಹದಿನಾಲ್ಕು ತಿಂಗಳು.
ಬೆಲೆ ಕೇಳಿ ನನ್ನ ಸಂಬಳ ತಲೆ ತಗ್ಗಿಸಿತು.

ಬಿಳಿ ಅನ್ನುವುದು ಮಾತಿಗೆ.
ಕಿಟಕಿಗೆ ಹಿಡಿದರೆ ಒಣಹುಲ್ಲಿನ ಬಣ್ಣ,
ಅಂಚಿನಲ್ಲಿ ಮಾತ್ರ ಇನ್ನೂ ಒಣಗದ ಒಂದು ಎಳೆ ಹಸಿರು.
ತಿರುಗಿಸಿ ಮೂಗಿಟ್ಟೆ.
ಮೊದಲು ಬಂದದ್ದು ಬೆಣ್ಣೆ.
ಮದ್ದೂರಿನಲ್ಲಿ ನನ್ನ ಸೋದರತ್ತೆ ಕಾಯಲಿಟ್ಟು,
ನುಗ್ಗೆಸೊಪ್ಪು ಕಿತ್ತು ತರುವಷ್ಟರಲ್ಲಿ ತಳ ಹಿಡಿಯುತ್ತಿತ್ತಲ್ಲ, ಆ ಬೆಣ್ಣೆ.
ಹೇಜಲ್‌ನಟ್ ಇರುತ್ತದೆ ಎನ್ನುತ್ತದೆ ಪುಸ್ತಕ.
ನಾನದನ್ನು ಕಂಡವಳಲ್ಲ.
ಹುರಿದ ಕಡಲೆಕಾಯಿಯ ಕೆಂಪು ಸಿಪ್ಪೆ ಅಂತ ಬರೆದೆ,
ಹೊಡೆದುಹಾಕಿದೆ, ಮತ್ತೆ ಬರೆದೆ.

ಬಾಯಲ್ಲಿ, ನಾಲಿಗೆಯ ನಡುವೆ ದಪ್ಪ,
ಬದಿಗಳಲ್ಲಿ ಬೆಟ್ಟದ ನೆಲ್ಲಿ ಕಚ್ಚಿದಂಥ ಹುಳಿ,
ಆಮೇಲೆ ಮರ. ಮರ. ಬರೀ ಮರ.
ಬಕೆಟ್ಟಿಗೆ ಉಗಿದೆ.
ಉಗಿದ ಮೇಲೂ ಮರ.
ಇಪ್ಪತ್ತಕ್ಕೆ ೧೩.

ಕೌಂಟರಿನ ಆ ತುದಿಯಲ್ಲಿ
ಮಂಡಿ ಮೊಹಲ್ಲಾದ ನಜೀರುಲ್ಲಾ ಸಾಹೇಬರು
ಬೀಟೆಯ ಹಲಗೆಯಿಂದ ಕಿತ್ತುಬಂದಿದ್ದ ಆನೆಯ ಕಾಲನ್ನು
ಹಲಸಿನ ಚೂರಿನಿಂದ ಮತ್ತೆ ಕೂರಿಸುತ್ತಿದ್ದರು.
‘ನಾನು ಕುಡಿಯೋದಿಲ್ಲ ಮೇಡಂ,’ ಅಂದರು, ಕೇಳುವ ಮುಂಚೆಯೇ.
‘ಕುಡೀಬೇಡಿ. ಮರ ಹೇಗಿದೆ ಹೇಳಿ, ಸಾಕು.’

ಉಳಿ ಕೆಳಗಿಟ್ಟರು. ಗ್ಲಾಸು ಮುಟ್ಟದೆ ಬಗ್ಗಿ,
ಆಗತಾನೆ ಸೀಳಿದ ಹಲಗೆಯನ್ನು ಮೂಸುವ ಹಾಗೆ
ಒಮ್ಮೆ ಮೂಸಿದರು.
‘ನಮ್ಮ ಕಡೆ ಮರ ಅಲ್ಲ. ತೇಗ ಆಗಿದ್ರೆ ಎಣ್ಣೆ ಹೊಡೀತಿತ್ತು.
ಹೊಸದು. ಒಳಗಡೆ ಬೆಂಕಿ ತೋರಿಸಿದ್ದಾರೆ,
ಸುಟ್ಟಿಲ್ಲ, ಕೆಂಡಕ್ಕೆ ಹಪ್ಪಳ ತೋರಿಸಿದಷ್ಟು.’
ಗ್ಲಾಸಿನ ಹೊರಗಿನ ಬೆವರು ನೋಡಿದರು.
‘ಇಷ್ಟು ತಣ್ಣಗಿದ್ರೆ ಏನು ಬಾಯಿ ಬಿಡುತ್ತೆ?
ಹೊಸ ತುಂಡು ಕೂರಿಸಿದಾಗ್ಲೂ ಹಾಗೇನೇ,
ಮೊದಲ ದಿನ ಕಣ್ಣಿಗೆ ಅದೊಂದೇ ಹೊಡೆಯೋದು.
ಬಿಡಿ. ಆಮೇಲೆ ನೋಡಿ.’

ಬಿಟ್ಟೆ. ಸೋಡಾದವನ ಬಿಲ್ಲು, ನಿಂಬೆಹಣ್ಣಿನ ಲೆಕ್ಕ,
ರಜೆ ಕೇಳಿದ ಹುಡುಗನ ಸುಳ್ಳು, ಎಲ್ಲ ನೋಡಿ ಮುಗಿಸಿದೆ.
ಮೈಸೂರಿನ ಏಪ್ರಿಲ್ಲು ತನ್ನ ಪಾಡಿಗೆ ಗ್ಲಾಸನ್ನು ಒರೆಸಿಟ್ಟಿತ್ತು.

ಐದಕ್ಕೆ ಮತ್ತೆ ಮೂಗಿಟ್ಟೆ.
ಮರ ಇತ್ತು,
ಮದುವೆಮನೆಯ ಚಪ್ಪರದ ಕಂಬ ಇರುವ ಹಾಗೆ:
ಒರಗುತ್ತಾರೆ, ಯಾರೂ ನೋಡುವುದಿಲ್ಲ.
ಮುಂದೆ ಬಂದು ನಿಂತದ್ದಕ್ಕೆ ಹೆಸರು ಸಿಗಲು ತಡವಾಯಿತು.
ಸುಣ್ಣ. ವೀಳ್ಯದ ತಟ್ಟೆಯ ಒದ್ದೆ ಸುಣ್ಣ,
ಅದರ ಮೇಲೆ ಯಾರೋ ನಿಂಬೆಸಿಪ್ಪೆ ಚಿವುಟಿದ್ದಾರೆ.

ಈ ಸಲ ಉಗಿಯಲಿಲ್ಲ.
ಕನ್ನಡದ ಅಂಕಿಯಲ್ಲಿ ಬರೆಯುವುದರ ಲಾಭ:
೩ಕ್ಕೆ ಕೆಳಗೊಂದು ಬಾಲ ಎಳೆದರೆ ೬.
ಹದಿನೇಳೇ ಕೊಡಬಹುದಿತ್ತು.
ಒಂದನ್ನು ಬೆಲೆಯ ಮೇಲಿನ ಸಿಟ್ಟಿಗೆ ಹಿಡಿದುಕೊಂಡೆ.

ಕೂತ ಕಾಲಿನ ಮೇಲೆ ಹೆಬ್ಬೆರಳಾಡಿಸುತ್ತ
ಸಾಹೇಬರು ಕೇಳಿದರು:
‘ಖಾಲಿಯಾದ ಮೇಲೆ ಆ ಪೀಪಾಯಿ ಏನು ಮಾಡ್ತಾರೆ?’

ಫಾರಂನಲ್ಲಿ ಅದಕ್ಕೆ ಜಾಗವಿಲ್ಲ.
ಷರಾದಲ್ಲಿ ಬರೆದುಕೊಂಡೆ:
ಕೇಳಬೇಕು.